ಮುಕ್ಕಾಲು ಟ್ಯಾಂಕಿನ ಕಾನೂನು

ಸಿಂಗಪುರದಿಂದ ಮಲೇಷ್ಯಾದ ಜೊಹೊರ್ ಬಾರುವಿಗೆ ಹೋಗಬೇಕೆಂದರೆ ಕಡಲಿಗೆ ಅಡ್ಡ ಕಟ್ಟಿದ ಒಂದು ಕಿಲೋಮೀಟರ್ ರಸ್ತೆ ದಾಟಿದರೆ ಆಯಿತು. ಆದರೆ ಆ ರಸ್ತೆಗೆ ಇಳಿಯುವ ಮುನ್ನ ವುಡ್‌ಲ್ಯಾಂಡ್ಸ್ ಗಡಿ ಠಾಣೆಯಲ್ಲಿ ಪಾಸ್‌ಪೋರ್ಟಿನ ಜೊತೆಗೆ ಇನ್ನೊಂದು ವಸ್ತುವೂ ತಪಾಸಣೆಗೆ ಬರುತ್ತದೆ: ಕಾರಿನ ಪೆಟ್ರೋಲ್ ಮುಳ್ಳು. ಸಿಂಗಪುರದಲ್ಲಿ ನೋಂದಣಿಯಾದ ಕಾರಿನ ಟ್ಯಾಂಕು ಮುಕ್ಕಾಲು ಭಾಗವಾದರೂ ತುಂಬಿರಬೇಕು. 1989ರಲ್ಲಿ ಅರ್ಧ ಟ್ಯಾಂಕ್ ಎಂದು ಶುರುವಾದ ಈ ಕಾನೂನು 1991ರಲ್ಲಿ ಮುಕ್ಕಾಲಕ್ಕೆ ಏರಿತು. ಕಡಿಮೆಯಿದ್ದರೆ ದಂಡ ಕಟ್ಟಿ ವಾಪಸು ಹೋಗಬೇಕು. ಮುಳ್ಳನ್ನೇ ತಿರುಚಿ ಮೇಲೇರಿಸಿದವರಿಗೆ ಬೇರೆಯದೇ ಶಿಕ್ಷೆ; ಅಂದರೆ ತಿರುಚಿದವರೂ ಇದ್ದರು ಅಂತಾಯಿತು. ಆಚೆ ದಡದಲ್ಲಿ ಪೆಟ್ರೋಲ್ ಅಷ್ಟು ಅಗ್ಗ. ಮಲೇಷ್ಯಾದವರಿಗೂ ಇದು ಗೊತ್ತು. ತಮ್ಮ ಬೊಕ್ಕಸದಿಂದ ಸಬ್ಸಿಡಿ ಕೊಟ್ಟು ಮಾರುವ 95 ಆಕ್ಟೇನ್ ಪೆಟ್ರೋಲನ್ನು ಹೊರದೇಶದ ನಂಬರ್ ಪ್ಲೇಟಿನ ಕಾರಿಗೆ ಹಾಕಬಾರದೆಂದು ಅವರೂ ಕಟ್ಟುಪಾಡು ಮಾಡಿಕೊಂಡಿದ್ದಾರೆ.

ನಮ್ಮ ತಲಪಾಡಿಯಲ್ಲಿ ಮುಳ್ಳು ನೋಡುವ ಅಧಿಕಾರಿಯಿಲ್ಲ. ಕೇರಳದ ಪೆಟ್ರೋಲಿಗಿಂತ ಮಂಗಳೂರಿನದು ನಾಲ್ಕೈದು ರೂಪಾಯಿ ಅಗ್ಗವಾದ್ದರಿಂದ ಕಾಸರಗೋಡಿನ ಕಡೆಯ ಕಾರುಗಳು ಗಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತವೆ. ಕಾರವಾರದವರು ಇದೇ ಕೆಲಸಕ್ಕೆ ಗೋವಾದ ಗಡಿಯ ಕಡೆ ಮುಖ ಮಾಡುತ್ತಾರೆ. ಕಂಪನಿ ಒಂದೇ, ಕೆಲವೊಮ್ಮೆ ಪೆಟ್ರೋಲ್ ತಂದ ಟ್ಯಾಂಕರೂ ಒಂದೇ ಡಿಪೊದಿಂದ ಹೊರಟದ್ದು. ನಡುವೆ ಒಂದು ಗೆರೆ ಬಂದದ್ದಕ್ಕೆ ದರ ಬದಲಾಯಿತು.

ಪೆಟ್ರೋಲ್ ದರದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಕಚ್ಚಾ ತೈಲದ ಬಗ್ಗೆ ಮಾತಾಡುತ್ತೇವೆ: ಯುದ್ಧ, ಒಪೆಕ್, ಡಾಲರ್. ಅವೆಲ್ಲ ನಿಜವೇ. ಆದರೆ ಕಚ್ಚಾ ತೈಲ ಎಲ್ಲ ದೇಶಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಬರುತ್ತದೆ. ಬ್ಯಾರೆಲ್ ಎಂದರೆ 159 ಲೀಟರ್. ಬ್ಯಾರೆಲಿಗೆ 70 ಡಾಲರ್ ಇದ್ದರೆ ಲೀಟರಿಗೆ 2025ರ ನಮ್ಮ ಲೆಕ್ಕದಲ್ಲಿ 37-38 ರೂಪಾಯಿ. ಅದೇ ದ್ರವ ಕುವೈತಿನ ಬಂಕಿನಲ್ಲಿ 85 ಫಿಲ್ಸ್‌ಗೆ, ಎಂದರೆ 25 ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಹಾಂಗ್‌ಕಾಂಗಿನಲ್ಲಿ 3 ಡಾಲರಿಗೂ ಮೇಲೆ ಏರುತ್ತದೆ. ನಡುವಿನ ಅಂತರ ಭೂಮಿಯೊಳಗಿನಿಂದ ಬಂದದ್ದಲ್ಲ. ಅದನ್ನು ಸರ್ಕಾರಗಳು ಬರೆದದ್ದು.

ಬೆಂಗಳೂರಿನದೇ ಲೆಕ್ಕ ನೋಡಿ. 2025ರಲ್ಲಿ ಇಲ್ಲಿ ಲೀಟರಿಗೆ 102 ರೂಪಾಯಿ ಚಿಲ್ಲರೆ. ಕೇಂದ್ರದ ಅಬಕಾರಿ ಸುಂಕ 21 ರೂಪಾಯಿ 90 ಪೈಸೆ. ಅದನ್ನು ಸೇರಿಸಿದ ಮೊತ್ತದ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇ 29.84. ತೆರಿಗೆಯ ಮೇಲೆ ತೆರಿಗೆ. ಒಟ್ಟಿನಲ್ಲಿ ನೂರು ರೂಪಾಯಿ ಕೊಟ್ಟರೆ ನಲವತ್ತಕ್ಕೂ ಹೆಚ್ಚು ದೆಹಲಿಗೆ ಮತ್ತು ವಿಧಾನಸೌಧಕ್ಕೆ ಹೋಗುತ್ತದೆ. ಜಿಎಸ್‌ಟಿ ಬಂದು ಎಂಟು ವರ್ಷ ಕಳೆದರೂ ಪೆಟ್ರೋಲ್ ಮಾತ್ರ ಅದರ ಹೊರಗೇ ಉಳಿದದ್ದು ಮರೆವಿನಿಂದಲ್ಲ. ಈ ಹಸುವನ್ನು ಹಟ್ಟಿಯಿಂದ ಬಿಟ್ಟುಕೊಡಲು ಯಾವ ಸರ್ಕಾರಕ್ಕೂ ಮನಸ್ಸಿಲ್ಲ.

ಹಾಗೆಂದು ತೆರಿಗೆಯೇ ಪಾಪವೆಂದು ನಾನು ಹೇಳುತ್ತಿಲ್ಲ. ನಾರ್ವೆ ಯುರೋಪಿನ ದೊಡ್ಡ ತೈಲ ದೇಶ. ತನ್ನ ಜನಕ್ಕೆ ಮಾತ್ರ ಅತಿ ದುಬಾರಿ ದರಕ್ಕೆ ಪೆಟ್ರೋಲ್ ಮಾರುತ್ತದೆ. ತೈಲದ ದುಡ್ಡನ್ನು 1990ರಲ್ಲಿ ಕಟ್ಟಿದ ನಿಧಿಗೆ ಹಾಕಿ ಮೊಮ್ಮಕ್ಕಳಿಗೆ ಎತ್ತಿಟ್ಟಿದೆ. ಅಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ವಿದ್ಯುತ್ ಕಾರುಗಳು. ಇದಕ್ಕೆ ನೇರ ಎದುರು ವೆನೆಜುವೆಲ. ಜಗತ್ತಿನಲ್ಲೇ ಅತಿ ಹೆಚ್ಚು ತೈಲ ನಿಕ್ಷೇಪವಿರುವ ಆ ದೇಶದಲ್ಲಿ 1989ರ ಫೆಬ್ರವರಿಯಲ್ಲಿ ಪೆಟ್ರೋಲ್ ದರ, ಅದರ ಬೆನ್ನಿಗೇ ಬಸ್ ದರ ಏರಿದ್ದಕ್ಕೆ ಕರಾಕಸ್ ಹೊತ್ತಿ ಉರಿಯಿತು, ನೂರಾರು ಜನ ಸತ್ತರು. ಆ ಹೆದರಿಕೆ ಮುಂದಿನ ಸರ್ಕಾರಗಳ ಮೈಯಿಂದ ಇಳಿಯಲೇ ಇಲ್ಲ. 1990ರ ದಶಕದ ಕೊನೆಯಿಂದ 2016ರವರೆಗೆ ಅಲ್ಲಿ ದರ ಅಲುಗಾಡದೆ ನಿಂತಿತ್ತು. ಕುಡಿಯುವ ನೀರಿನ ಬಾಟಲಿ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿ. ಕರಾಕಸ್ಸಿನ ಬೀದಿಗಳಲ್ಲಿ ಎಪ್ಪತ್ತರ ದಶಕದ ಅಮೆರಿಕನ್ ದೊಡ್ಡ ಕಾರುಗಳು ಹೊಗೆ ಬಿಡುತ್ತ ಓಡಾಡಿದವು. ಹೊರನೋಟಕ್ಕೆ ಕಾರುಪ್ರಿಯರ ಸ್ವರ್ಗ. 2020ರ ಹೊತ್ತಿಗೆ ಸಂಸ್ಕರಣಾಗಾರಗಳು ಕೆಟ್ಟು ನಿಂತು, ಜನ ಬಂಕಿನ ಮುಂದೆ ದಿನಗಟ್ಟಲೆ ಸರದಿ ನಿಂತರು; ಇರಾನಿನಿಂದ ಹಡಗಿನಲ್ಲಿ ಪೆಟ್ರೋಲ್ ತರಿಸಬೇಕಾಯಿತು. ಪುಕ್ಕಟೆಗೆ ಹತ್ತಿರದ ಪೆಟ್ರೋಲ್ ಇದ್ದ ನಾಡಿನಲ್ಲಿ ಕಾರಿಗೆ ಬಿಡಿಭಾಗವೂ ಇಲ್ಲ, ಪೆಟ್ರೋಲೂ ಇಲ್ಲ.

ಇಷ್ಟು ಹೇಳಿದ್ದು ಒಂದು ವಾದಕ್ಕೆ ನೆಲ ಹಸನು ಮಾಡಲು. ಕಾರು ಹುಚ್ಚಿನವರು (ನಾನೂ ಆ ಗುಂಪಿನವನೇ) ದರ ಏರಿದಾಗಲೆಲ್ಲ ನಮ್ಮ ಹವ್ಯಾಸಕ್ಕೆ ಸಾವು ಬಂತೆಂದು ಗೋಳಾಡುತ್ತೇವೆ. ನನಗೆ ಈ ಗೋಳು ತಪ್ಪು ವಿಳಾಸಕ್ಕೆ ಹೋದ ಕಾಗದದಂತೆ ಕಾಣುತ್ತದೆ. ದುಬಾರಿ ಪೆಟ್ರೋಲ್ ಒಳ್ಳೆಯ ಕಾರುಗಳನ್ನು ಕೊಂದದ್ದಕ್ಕಿಂತ ಹುಟ್ಟಿಸಿದ್ದೇ ಹೆಚ್ಚು. ನಮಗೆ ನಿಜವಾಗಿ ಮೋಸ ಮಾಡಿದ್ದು ಬೆಲೆಯ ಎತ್ತರವಲ್ಲ, ಬೆಲೆಯ ಸುಳ್ಳು.

ಮೊದಲು ಜೇಬಿನ ಲೆಕ್ಕ. ಶನಿವಾರ-ಭಾನುವಾರ ಮಾತ್ರ ಕಾರು ತೆಗೆಯುವ, ವರ್ಷಕ್ಕೆ 5,000 ಕಿಲೋಮೀಟರ್ ಓಡಿಸುವ ಒಬ್ಬ ಬೆಂಗಳೂರಿಗ ಎಂದಿಟ್ಟುಕೊಳ್ಳಿ. ಬೆಳಗಿನ ನಾಲ್ಕೂವರೆಗೆ ಎದ್ದು, ನೆಲಮಂಗಲ ದಾಟಿ, ಹಾಸನದ ಕಡೆಯಲ್ಲೆಲ್ಲೋ ಇಡ್ಲಿ ತಿಂದು, ಶಿರಾಡಿಯೋ ಚಾರ್ಮಾಡಿಯೋ ಒಂದು ಘಟ್ಟ ಇಳಿದು ಹತ್ತಿ ಸಂಜೆಗೆ ಮನೆ ಸೇರುವ ಜಾತಿ. ಕಾರು ಲೀಟರಿಗೆ 12 ಕೊಟ್ಟರೆ ವರ್ಷಕ್ಕೆ ಸುಮಾರು 417 ಲೀಟರ್, 43,000 ರೂಪಾಯಿ. ದರ ಹತ್ತು ರೂಪಾಯಿ ಏರಿತೆನ್ನಿ. ಹೆಚ್ಚುವರಿ ಖರ್ಚು ವರ್ಷಕ್ಕೆ 4,170, ತಿಂಗಳಿಗೆ 350 ರೂಪಾಯಿಯ ಒಳಗೆ. ಒಂದು ಟೈರಿನ ದುಡ್ಡೂ ಆಗಲಿಲ್ಲ. ಅದೇ ಕಾರು ಹದಿನೈದು ಲಕ್ಷದ್ದಾದರೆ ಶೆಡ್ಡಿನಲ್ಲಿ ಸುಮ್ಮನೆ ನಿಂತೇ ಮೊದಲ ವರ್ಷದಲ್ಲಿ ಲಕ್ಷಕ್ಕೂ ಮೀರಿ ಬೆಲೆ ಕಳೆದುಕೊಂಡಿರುತ್ತದೆ. ಅದಕ್ಕೆ ಯಾರೂ ಪ್ರತಿಭಟನೆ ಮಾಡುವುದಿಲ್ಲ, ಏಕೆಂದರೆ ಅದು ಬೀದಿಬದಿಯ ಫಲಕದ ಮೇಲೆ ದೊಡ್ಡ ಅಂಕಿಯಲ್ಲಿ ಬರೆದಿಲ್ಲ.

ಈ ಲೆಕ್ಕ ಎಲ್ಲರದಲ್ಲ, ನಿಜ. ಅಮೆರಿಕದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಗ್ಯಾಲನ್ನಿಗೆ ಮೂರು ಡಾಲರ್ ಚಿಲ್ಲರೆ ಎಂದರೂ ಅಲ್ಲಿನ ಅತಿ ಕಡಿಮೆ ಸಂಬಳದವನು ಒಂದು ಗಂಟೆ ದುಡಿದು ಎಂಟು ಲೀಟರಿಗೂ ಹೆಚ್ಚು ಪೆಟ್ರೋಲ್ ಕೊಳ್ಳಬಲ್ಲ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಇಡೀ ದಿನದ ಬೆವರಿಗೆ ಮೂರೂವರೆ ಲೀಟರ್. ಡಾಲರಿಗೆ ಬದಲಾಯಿಸಿ 'ಭಾರತದ ಪೆಟ್ರೋಲ್ ಯುರೋಪಿಗಿಂತ ಅಗ್ಗ' ಎನ್ನುವ ಪಟ್ಟಿಗಳು ಇದನ್ನು ಹೇಳುವುದಿಲ್ಲ. ಹಳೆಯ ಹೋಂಡಾ ಸಿಟಿಯೊಂದನ್ನು ಒಂದೂವರೆ ಲಕ್ಷಕ್ಕೆ ಕೊಂಡು, ತಾನೇ ಸ್ಪ್ಯಾನರ್ ಹಿಡಿದು, ತಿಂಗಳ ಕೊನೆಗೆ ಇನ್ನೂರು ರೂಪಾಯಿಗೆ ಹಾಕಿಸಿಕೊಂಡು ಓಡಿಸುವ ಗ್ಯಾರೇಜಿನ ಹುಡುಗನಿಗೆ ಹತ್ತು ರೂಪಾಯಿ ಏರಿದ್ದು ತಿಂಗಳಿಗೊಂದು ಘಟ್ಟ ಕಳೆದಂತೆಯೇ. ಆದರೆ ಗೋಳಿಡುವ ಗುಂಪಿನಲ್ಲಿ ಅವನ ಧ್ವನಿ ಕೇಳಿದ್ದು ಕಡಿಮೆ.

ಈಗ ಇತಿಹಾಸಕ್ಕೆ ಬರೋಣ. 1956ರಲ್ಲಿ ಸೂಯೆಜ್ ಕಾಲುವೆಯ ಜಗಳದಿಂದ ಬ್ರಿಟನ್ನಿಗೆ ತೈಲ ಬರುವುದು ಕುಂದಿ, ಆ ಡಿಸೆಂಬರಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಜನ ಜರ್ಮನಿಯ ಪುಟಾಣಿ ಗುಳ್ಳೆ ಕಾರುಗಳನ್ನು ಕೊಳ್ಳತೊಡಗಿದರು. ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್‌ಗೆ ಆ ಗುಳ್ಳೆಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಅವುಗಳನ್ನು ಬೀದಿಯಿಂದ ಓಡಿಸುವಂಥ ನಿಜವಾದ ಚಿಕ್ಕ ಕಾರೊಂದನ್ನು ಮಾಡಿಕೊಡೆಂದು ಎಂಜಿನಿಯರ್ ಅಲೆಕ್ ಇಸಿಗೋನಿಸ್‌ಗೆ ವಹಿಸಿದರು. ಇಸಿಗೋನಿಸ್ ಎಂಜಿನ್ನನ್ನು ಅಡ್ಡ ತಿರುಗಿಸಿಟ್ಟು, ಗೇರ್‌ಬಾಕ್ಸನ್ನು ಅದರ ಅಡಿಗೆ ತುರುಕಿ, ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿ, ಹತ್ತು ಅಡಿಯೊಳಗೆ ನಾಲ್ಕು ಜನ ಕೂರುವ ಕಾರು ಕಟ್ಟಿದರು. 1959ರಲ್ಲಿ ಬಂದ ಮಿನಿಯ ಎಂಜಿನ್ 848 ಸಿಸಿ, ಎಂದರೆ ನಮ್ಮ ಮಾರುತಿ 800ಕ್ಕಿಂತ ಒಂದು ಲೋಟದಷ್ಟೂ ಹೆಚ್ಚಿಲ್ಲ. ಉದ್ದೇಶ ಒಂದೇ, ಪೆಟ್ರೋಲ್ ಉಳಿಸುವುದು. ಆದರೆ ಮೂಲೆಗೆ ತಳ್ಳಿದ ಚಕ್ರಗಳು ತಿರುವಿನಲ್ಲಿ ನೆಲವನ್ನು ಕಚ್ಚಿ ಹಿಡಿದವು. ಐದೇ ವರ್ಷದಲ್ಲಿ, 1964ರಲ್ಲಿ, ಮಿನಿ ಕೂಪರ್ ತನ್ನ ಹಲವು ಪಟ್ಟು ದೊಡ್ಡ ಎಂಜಿನ್ನಿನ ಕಾರುಗಳನ್ನು ಹಿಂದೆ ಹಾಕಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು; 1965 ಮತ್ತು 1967ರಲ್ಲಿ ಮತ್ತೆ. ಪೆಟ್ರೋಲ್ ರೇಷನ್ನಿನ ಕೂಸು ಕಾರುಪ್ರಿಯರ ಆರಾಧ್ಯ ದೈವವಾದ ಕಥೆ ಇದು.

1973 ಇನ್ನೂ ಕಠಿಣ. ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಬ್ಯಾರೆಲಿಗೆ 3 ಡಾಲರಿನಷ್ಟಿದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ನವೆಂಬರಿನಲ್ಲಿ ನೆದರ್ಲೆಂಡ್ಸ್, ಪಶ್ಚಿಮ ಜರ್ಮನಿಗಳಲ್ಲಿ ಭಾನುವಾರ ಕಾರು ತೆಗೆಯುವಂತಿಲ್ಲ ಎಂದಾಯಿತು. ಖಾಲಿ ಹೆದ್ದಾರಿಯಲ್ಲಿ ಮಕ್ಕಳು ಸೈಕಲ್ ಹೊಡೆದರು. 1974ರ ಮಾಂಟೆ ಕಾರ್ಲೊ ರ‍್ಯಾಲಿ ರದ್ದಾಯಿತು. ಅಮೆರಿಕದ ಡೇಟೋನಾ 500 ಆ ವರ್ಷ 450 ಮೈಲಿಗೇ ಮುಗಿಯಿತು. ಬಿಎಂಡಬ್ಲ್ಯು ಕಂಪನಿಯ ದುರಾದೃಷ್ಟ ನೋಡಿ: ಸೆಪ್ಟೆಂಬರಿನಲ್ಲಷ್ಟೇ 170 ಅಶ್ವಶಕ್ತಿಯ 2002 ಟರ್ಬೊ ಕಾರನ್ನು, ಮುಂದಿನವನ ಕನ್ನಡಿಯಲ್ಲಿ ಸರಿಯಾಗಿ ಓದಲು ಬರುವಂತೆ 'ಟರ್ಬೊ' ಎಂಬ ಅಕ್ಷರಗಳನ್ನು ಮೂತಿಯ ಮೇಲೆ ಉಲ್ಟಾ ಬರೆದು ಮೆರವಣಿಗೆಗಿಟ್ಟಿತ್ತು. 1,672 ಕಾರು ಮಾಡಿ ಕೈತೊಳೆದುಕೊಂಡರು.

ಅಮೆರಿಕನ್ನರು ತಮ್ಮ ಮಸಲ್ ಕಾರುಗಳ ಸಾವನ್ನು ಇಂದಿಗೂ ಅರಬರ ಲೆಕ್ಕಕ್ಕೇ ಬರೆಯುತ್ತಾರೆ. ಇದು ಪೂರ್ತಿ ಸರಿಯಲ್ಲ. ಹುಡುಗರ ಅಪಘಾತಗಳಿಂದ ಬೇಸತ್ತ ವಿಮಾ ಕಂಪನಿಗಳು ಆ ಕಾರುಗಳ ಕಂತನ್ನು ಆಗಲೇ ಏರಿಸಿದ್ದವು. 1970ರ ಶುದ್ಧಗಾಳಿ ಕಾಯ್ದೆ ಎಂಜಿನ್ನುಗಳ ಕುತ್ತಿಗೆ ಹಿಡಿದಿತ್ತು. ತೈಲ ನಿಂತದ್ದು ಕಡೆಯ ಪೆಟ್ಟು ಅಷ್ಟೆ. 1973ರ ಅದೇ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಕಂಪನಿಯ ಚಿಕ್ಕ ಮಸ್ಟ್ಯಾಂಗ್ 2 ಮೊದಲ ವರ್ಷವೇ 3.8 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಹವ್ಯಾಸಿಗಳು ಇಂದಿಗೂ ಅದರ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಕೊಂಡವರೆಲ್ಲ ಯಾರು ಹಾಗಾದರೆ? ನಮ್ಮ ಗುಂಪಿನ ಸತ್ಯಸಂಧತೆಯ ಬಗ್ಗೆ ನನಗೆ ಸಂಶಯ ಬರುವುದು ಇಂಥ ಕಡೆ.

ಯುರೋಪಿನ ಉತ್ತರ ಬೇರೆಯಾಗಿತ್ತು. ಫೋಕ್ಸ್‌ವ್ಯಾಗನ್ನಿನ ಕೆಲವು ಎಂಜಿನಿಯರುಗಳು ಕಚೇರಿಯ ಹೊತ್ತು ಮುಗಿದ ಮೇಲೆ ಗಾಲ್ಫ್ ಎಂಬ ಸಂಸಾರದ ಕಾರಿಗೆ 1.6 ಲೀಟರಿನ 110 ಅಶ್ವಶಕ್ತಿಯ ಎಂಜಿನ್ ಕೂರಿಸಿದರು. ಕಾರಿನ ತೂಕ 800 ಕಿಲೋಗಿಂತ ಸ್ವಲ್ಪ ಹೆಚ್ಚು. ಗಾಲ್ಫ್ ಜಿಟಿಐ ಎಂದು 1976ರಲ್ಲಿ ಮಾರಾಟಕ್ಕಿಟ್ಟಾಗ ಕಂಪನಿ 5,000 ಹೋದರೆ ಹೆಚ್ಚು ಎಂದುಕೊಂಡಿತ್ತು. ಆ ಮೊದಲ ಜಿಟಿಐ ನಾಲ್ಕೂವರೆ ಲಕ್ಷ ದಾಟಿತು. ಪೆಟ್ರೋಲ್ ತುಟ್ಟಿಯಾದ ಜಗತ್ತಿನಲ್ಲಿ ವೇಗ ಬೇಕೆಂದರೆ ಎಂಜಿನ್ ಹಿಗ್ಗಿಸುವ ದಾರಿ ಮುಚ್ಚಿತ್ತು. ಉಳಿದ ದಾರಿ ತೂಕ ಇಳಿಸುವುದು, ಟರ್ಬೊ ಹಾಕುವುದು, ತಿರುವಿನಲ್ಲಿ ಜಾಣತನ ತೋರುವುದು. ಕಾರು ಓಡಿಸುವ ಸುಖವೆಂದು ನಾವು ಇಂದು ಯಾವುದನ್ನು ಕರೆಯುತ್ತೇವೋ ಅದರ ಬಹುಪಾಲು ಈ ಇಕ್ಕಟ್ಟಿನಲ್ಲೇ ಬೆಳೆದದ್ದು.

ಅಗ್ಗದ ಪೆಟ್ರೋಲ್ ಏನು ಮಾಡುತ್ತದೆಂದು ನೋಡಬೇಕಾದರೆ ಇರಾನಿಗೆ ಹೋಗಬೇಕು. ಬ್ರಿಟನ್ನಿನ ಹಿಲ್‌ಮನ್ ಹಂಟರ್ ಕಾರಿನ ಅಚ್ಚನ್ನು ತಂದು ಪೈಕಾನ್ ಎಂಬ ಹೆಸರಿನಲ್ಲಿ 1967ರಲ್ಲಿ ತಯಾರಿಸಲು ತೊಡಗಿದವರು 2005ರವರೆಗೂ ಅದನ್ನೇ ತಯಾರಿಸುತ್ತಿದ್ದರು. ನಮ್ಮ ಅಂಬಾಸಿಡರನ್ನು ಕಾಪಾಡಿದ್ದು ಲೈಸೆನ್ಸ್ ರಾಜ್ಯ. ಪೈಕಾನಿಗೆ ಅದರ ಜೊತೆ ಅಗ್ಗದ ಪೆಟ್ರೋಲಿನ ಶ್ರೀರಕ್ಷೆಯೂ ಇತ್ತು. ಎಷ್ಟು ಕುಡಿದರೂ ಕೇಳುವವರಿಲ್ಲದಿದ್ದರೆ ಎಂಜಿನ್ ಏಕೆ ಸುಧಾರಿಸಬೇಕು?

ಅಮೆರಿಕದ್ದೇ ಇನ್ನೊಂದು ನಿದರ್ಶನ, ಇನ್ನೂ ಹೊಸದು. 2008ರ ಜೂನಿನಲ್ಲಿ ಅಲ್ಲಿ ಗ್ಯಾಲನ್ ಪೆಟ್ರೋಲ್ 4 ಡಾಲರ್ ದಾಟಿದಾಗ ಹಮ್ಮರ್ ಎಂಬ ದೈತ್ಯ ಗಾಡಿಯ ಉಸಿರು ನಿಂತಿತು, ಚಿಕ್ಕ ಕಾರುಗಳಿಗೆ ಬೇಡಿಕೆ ಬಂತು. ಆ ಅಲೆಯಲ್ಲೇ ಫೋರ್ಡ್ ಕಂಪನಿ ಯುರೋಪಿನ ಫಿಯೆಸ್ಟಾ ಎಸ್‌ಟಿ, ಫೋಕಸ್ ಎಸ್‌ಟಿಗಳನ್ನು ಅಮೆರಿಕಕ್ಕೆ ತಂದಿತು. ಕಡಿಮೆ ದುಡ್ಡಿಗೆ ಅಂಥ ಚುರುಕು ಕಾರು ಅಲ್ಲಿ ಬಹುಕಾಲ ಇರಲಿಲ್ಲ. 2014ರ ನಂತರ ತೈಲ ಕುಸಿಯಿತು. ಜನ ಮತ್ತೆ ಪಿಕಪ್, ಎಸ್‌ಯುವಿಗಳತ್ತ ಹೊರಳಿದರು. 2018ರಲ್ಲಿ ಫೋರ್ಡ್ ಉತ್ತರ ಅಮೆರಿಕದಲ್ಲಿ ಮಸ್ಟ್ಯಾಂಗ್ ಬಿಟ್ಟು ಉಳಿದ ಕಾರುಗಳನ್ನೆಲ್ಲ ಹಂತಹಂತವಾಗಿ ನಿಲ್ಲಿಸುವುದಾಗಿ ಸಾರಿತು. ಆ ಎರಡು ಪುಟ್ಟ ಕಾರುಗಳನ್ನು ಕೊಂದದ್ದು ಅಗ್ಗದ ಪೆಟ್ರೋಲ್.

ಕುಂದಾಪುರದ ಗೆಳೆಯರೊಬ್ಬರು ಬಹಳ ವರ್ಷದಿಂದ ಕುವೈತಿನಲ್ಲಿದ್ದಾರೆ. ಅವರ ಬಳಿ 5.6 ಲೀಟರ್ ವಿ8 ಎಂಜಿನ್ನಿನ ನಿಸ್ಸಾನ್ ಪಟ್ರೋಲ್. "ಹೆಸರಲ್ಲೇ ಇದೆಯಲ್ಲ ಮಾರಾಯ್ರೆ, ಒಂದಕ್ಷರ ತಿದ್ದಿದರೆ ಆಯ್ತು" ಅಂತ ನಗುತ್ತಾರೆ. ಊರಿಗೆ ಬಂದಾಗ ಅಣ್ಣನ ಆಲ್ಟೊ ಇಸಿದುಕೊಂಡು ಆಗುಂಬೆ ಹತ್ತುತ್ತಾರೆ. ಒಮ್ಮೆ ಹೇಳಿದರು: ಅಲ್ಲಿ ಕಾಲು ಒತ್ತಿದರೆ ಗಾಡಿ ಹೋಗುತ್ತದೆ, ಇಲ್ಲಿ ನಾನು ಓಡಿಸಬೇಕಾಗುತ್ತದೆ. ಇದನ್ನು ದೂರಾಗಿ ಹೇಳಿದರೋ ಹೊಗಳಿಕೆಯಾಗಿಯೋ ನನಗೆ ತಿಳಿಯಲಿಲ್ಲ.

ದೊಡ್ಡ ಎಂಜಿನ್ನಿನ ಪ್ರೀತಿಯೂ ದುಬಾರಿ ಪೆಟ್ರೋಲಿಗೆ ಸಾಯುವುದಿಲ್ಲ ಎನ್ನಲು ಸ್ವೀಡನ್ ಸಾಕ್ಷಿ. ಪೆಟ್ರೋಲ್ ತೆರಿಗೆ ಭಾರೀ ಇರುವ ಆ ದೇಶದ ವೆಸ್ಟೆರೋಸ್ ಪಟ್ಟಣದಲ್ಲಿ 1978ರಲ್ಲಿ ಶುರುವಾದ ಪವರ್ ಬಿಗ್ ಮೀಟ್ ಹಳೆಯ ಅಮೆರಿಕನ್ ಕಾರುಗಳ ಜಗತ್ತಿನ ಅತಿ ದೊಡ್ಡ ಜಾತ್ರೆಗಳಲ್ಲೊಂದು. ಬೇಸಿಗೆಯ ಕೆಲವು ದಿನ ಸಾವಿರಾರು ಕ್ಯಾಡಿಲಾಕ್, ಷೆವ್ರೊಲೆಗಳು ಬೀದಿಗಿಳಿಯುತ್ತವೆ. ವರ್ಷವಿಡೀ ಹೊದಿಕೆ ಹೊದ್ದು ಮಲಗಿದ್ದನ್ನು ಆ ಕೆಲವು ದಿನಕ್ಕೆ ಎಬ್ಬಿಸುವುದು. ನಮ್ಮೂರಲ್ಲಿ ರಥ ಎಳೆಯುವುದೂ ವರ್ಷಕ್ಕೊಮ್ಮೆ. ದಿನಾ ಎಳೆದರೆ ಯಾರು ಬರುತ್ತಾರೆ? ಹಾಂಗ್‌ಕಾಂಗಿನ ಮಾತು ಬೇರೆ. ಪೀಕ್ ಎಂಬ ಗುಡ್ಡದ ಮೇಲೆ 2021ರಲ್ಲಿ ಒಂದು ಕಾರು ನಿಲ್ಲಿಸುವ ಜಾಗವೇ ಒಂದು ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅಲ್ಲಿ ಪೆಟ್ರೋಲ್ ದರವನ್ನು ಲೆಕ್ಕಕ್ಕಿಡುವವನು ಕಾರೇ ಇಡುವುದಿಲ್ಲ.

ನನ್ನ ವಾದಕ್ಕೆ ನಾನೇ ತೊಡರುಗಾಲು ಹಾಕಬೇಕಾದ ಜಾಗ ಮೈಸೂರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ಕಾರಲ್ಲ, ಬೈಕು, ಆದರೆ ನಮ್ಮಲ್ಲಿ ಬಹಳ ಮಂದಿಗೆ ಎಂಜಿನ್ನಿನ ಹುಚ್ಚು ಹತ್ತಿದ್ದು ಬೈಕಿನಿಂದಲೇ. 1960ರ ದಶಕದಿಂದ ಜಾವಾ, ಆಮೇಲೆ ಯೆಜ್ಡಿ. ಎರಡು ಸೈಲೆನ್ಸರಿನಿಂದ ಹೊರಡುವ ಆ ಸದ್ದು ದೂರದಿಂದಲೇ ಗೊತ್ತಾಗುತ್ತಿತ್ತು. 1985ರಲ್ಲಿ ಹೀರೊ ಹೋಂಡಾ ಸಿಡಿ100 ಬಂತು. ತುಂಬಿಸು, ಮುಚ್ಚು, ಮರೆತುಬಿಡು ಎಂಬ ಅರ್ಥದ ಅದರ ಜಾಹೀರಾತು ನೇರ ಜೇಬಿಗೆ ಮಾತಾಡಿತು. ಯೆಜ್ಡಿ ಕುಡಿದು ಕುಣಿಯುವ ಗಾಡಿ, ಇದು ಲೀಟರಿಗೆ 80 ಎನ್ನುವ ಗಾಡಿ. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಹೊಗೆಯ ನಿಯಮ, ಕಾರ್ಖಾನೆಯ ಒಳಗಿನ ತೊಂದರೆ ಎಲ್ಲ ಸೇರಿದ್ದವು, ಪೆಟ್ರೋಲ್ ಬೆಲೆಯೊಂದೇ ಅಲ್ಲ. ಆದರೂ ಸಿಡಿ100 ಗೆದ್ದದ್ದು ಮೈಲೇಜಿನಿಂದಲೇ, ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಬಡ ದೇಶದಲ್ಲಿ ದುಬಾರಿ ಪೆಟ್ರೋಲಿನಿಂದ ಜಿಟಿಐ ಹುಟ್ಟಲಿಲ್ಲ, ಸಿಡಿ100 ಹುಟ್ಟಿತು. ಅದು ಕೋಟ್ಯಂತರ ಜನರ ಬದುಕು ಸುಲಭ ಮಾಡಿತು. ಆದರೆ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜನ ಹಬ್ಬ ಮಾಡಲು ತರುವುದು ಜಾವಾ-ಯೆಜ್ಡಿಗಳನ್ನು. ಸಿಡಿ100ಕ್ಕೆ ಹಬ್ಬ ಮಾಡಿದವರನ್ನು ನಾನಿನ್ನೂ ಕಂಡಿಲ್ಲ.

ಬೆಲೆಯ ಸುಳ್ಳು ಎಂದೆನಲ್ಲ, ಅದಕ್ಕೆ ಬರುತ್ತೇನೆ. 1980ರಲ್ಲಿ ಫೆರಾರಿ ಕಂಪನಿ 208 ಜಿಟಿಬಿ ಎಂಬ ಕಾರು ಮಾಡಿತು: ಎಂಟು ಸಿಲಿಂಡರ್, ಆದರೆ ಒಟ್ಟು ಎರಡೇ ಲೀಟರ್. ಯಾವ ಎಂಜಿನಿಯರನೂ ಪ್ರೀತಿಯಿಂದ ಮಾಡುವ ಎಂಜಿನ್ನಲ್ಲ ಅದು. ಇಟಲಿಯಲ್ಲಿ ಎರಡು ಲೀಟರ್ ಮೀರಿದರೆ ಮೌಲ್ಯವರ್ಧಿತ ತೆರಿಗೆ ಶೇ 18ರಿಂದ ಶೇ 38ಕ್ಕೆ ಹಾರುತ್ತಿತ್ತು, ಅದಕ್ಕೆ. ನಮ್ಮಲ್ಲಿ 2006ರ ಬಜೆಟ್ ನಾಲ್ಕು ಮೀಟರಿನ ಒಳಗಿನ ಕಾರಿಗೆ ಸುಂಕ ಇಳಿಸಿದ ಮೇಲೆ ಸೆಡಾನುಗಳ ಬಾಲ ಕತ್ತರಿಸುವ ಕಸುಬು ಶುರುವಾಯಿತು. ಡಿಜೈರಿನ ಉದ್ದ 3,995 ಮಿಲಿಮೀಟರ್. ಆ ಐದು ಮಿಲಿಮೀಟರ್ ಉಳಿಸಿದ್ದು ಕಾನೂನಿಗೆ ಮರ್ಯಾದೆ ಕೊಡಲು. ಇವು ತಮಾಷೆಯ ಸುಳ್ಳುಗಳು. ಡೀಸೆಲಿನದು ತಮಾಷೆಯಲ್ಲ.

ಪೆಟ್ರೋಲ್ ದರವನ್ನು 2010ರ ಜೂನಿನಲ್ಲಿ ಮಾರುಕಟ್ಟೆಗೆ ಬಿಟ್ಟು, ಡೀಸೆಲನ್ನು 2014ರ ಅಕ್ಟೋಬರಿನವರೆಗೆ ಸರ್ಕಾರ ಕಟ್ಟಿಹಾಕಿಯೇ ಇಟ್ಟಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಎರಡರ ನಡುವೆ 30 ರೂಪಾಯಿಗೂ ಹೆಚ್ಚು ಅಂತರ. ರೈತನ ಪಂಪ್‌ಸೆಟ್ಟಿಗೆ, ಲಾರಿಗೆ ಎಂದು ಕೊಟ್ಟ ರಿಯಾಯಿತಿಯನ್ನು ಕಾರುಗಳು ಕುಡಿದವು. ಮಧ್ಯಮ ವರ್ಗ ಸಾಲು ಹಿಡಿದು ಡೀಸೆಲ್ ಕಾರು ಕೊಂಡಿತು. ಫಿಯೆಟ್ಟಿನ 1.3 ಲೀಟರ್ ಎಂಜಿನ್ ಸ್ವಿಫ್ಟಿನಲ್ಲೂ ಅದೇ, ಇಂಡಿಕಾ ವಿಸ್ಟಾದಲ್ಲೂ ಅದೇ, ಪುಂಟೊದಲ್ಲೂ ಅದೇ. ತಮಾಷೆಗೆ 'ರಾಷ್ಟ್ರೀಯ ಎಂಜಿನ್' ಎನ್ನುತ್ತಿದ್ದರು. ನಮ್ಮ ಹುಡುಗರು ಅದರ ಟರ್ಬೊ ಎಳೆತವನ್ನು ಪ್ರೀತಿಸಲೂ ಕಲಿತರು, ಅದು ಪ್ರೀತಿಗೆ ಯೋಗ್ಯವೂ ಆಗಿತ್ತು. ಆಮೇಲೆ? ದರದ ಅಂತರ ಕರಗಿತು. 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ಬೀದಿಗಿಳಿಯಬಾರದೆಂದಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ದರದ ಫಲಕ ತೋರಿಸಿ ಒಳಗೆ ಕರೆದದ್ದು ಒಂದು ಕೈ, ಹೊರದಬ್ಬಿದ್ದು ಇನ್ನೊಂದು ಕೈ. ದೆಹಲಿಯ ಗಾಳಿಗೆ ಆ ಆದೇಶ ಬೇಕಿತ್ತು, ನಾನು ಒಪ್ಪುತ್ತೇನೆ. ಆದರೆ 2012ರ ಆ 30 ರೂಪಾಯಿ ಅಂತರಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

2017ರಿಂದ ದರ ದಿನದಿನವೂ ಬದಲಾಗುತ್ತದೆ ಎನ್ನುವುದೂ ಅಂಥದೇ ಮಾತು. 2018ರ ಏಪ್ರಿಲ್ ಕೊನೆಯ ವಾರ ಕಚ್ಚಾ ತೈಲ ಏರುತ್ತಲೇ ಇತ್ತು. ಇಲ್ಲಿನ ದರ ಮಾತ್ರ ಹತ್ತೊಂಬತ್ತು ದಿನ ಕಲ್ಲಿನಂತೆ ಕೂತಿತ್ತು. ಮೇ 12ಕ್ಕೆ ಕರ್ನಾಟಕ ವಿಧಾನಸಭೆಯ ಮತದಾನ ಮುಗಿಯಿತು. 14ರಿಂದ ಏರತೊಡಗಿತು. ಎರಡು ವರ್ಷದ ನಂತರ ಕೊರೊನಾ ಕಾಲದಲ್ಲಿ ತೈಲ ಪಾತಾಳಕ್ಕೆ ಬಿದ್ದಾಗ ದೆಹಲಿ ಒಂದೇ ಏಟಿಗೆ ಪೆಟ್ರೋಲಿನ ಸುಂಕ 10 ರೂಪಾಯಿ, ಡೀಸೆಲಿನದು 13 ರೂಪಾಯಿ ಏರಿಸಿತು. ಇಳಿಯುವಾಗ ನಮಗೆ ಸಿಗದ ಬೆಲೆ ಏರುವಾಗ ತಪ್ಪದೆ ಸಿಕ್ಕಿತು. 2021ರ ಜೂನಿನಲ್ಲಿ ಬೆಂಗಳೂರು ನೂರು ದಾಟಿತು.

ಈಗಿನದು ಎಥನಾಲ್. 2025ರಲ್ಲಿ ದೇಶದ ಉದ್ದಗಲಕ್ಕೂ ಪೆಟ್ರೋಲಿನಲ್ಲಿ ಐದನೇ ಒಂದು ಭಾಗ ಎಥನಾಲ್ ಎಂದಾಯಿತು. ಮಂಡ್ಯ, ಬೆಳಗಾವಿಯ ಕಬ್ಬಿಗೆ ಬೆಲೆ ಬಂದರೆ ನನಗೆ ಸಂತೋಷವೇ. ವಿದೇಶಿ ತೈಲದ ಬಿಲ್ಲು ಇಳಿಯುವುದೂ ಒಳ್ಳೆಯದು. ಆದರೆ ಲೀಟರ್ ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಇದು ಸರ್ಕಾರದ ಅಭಿಪ್ರಾಯವಲ್ಲ, ರಸಾಯನಶಾಸ್ತ್ರ. ಹಳೆಯ ಕಾರಿನಲ್ಲಿ ಮೈಲೇಜ್ ನೂರಕ್ಕೆ ಆರೇಳರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಹೇಳಿತ್ತು. ಅದಕ್ಕೆ ಪರಿಹಾರವಾಗಿ ಈ ಮಿಶ್ರಣವನ್ನು ಮಾಮೂಲಿ ಪೆಟ್ರೋಲಿಗಿಂತ ಕಡಿಮೆ ದರಕ್ಕೆ ಮಾರಬೇಕೆಂದೂ ಅದೇ ವರದಿ ಸಲಹೆ ಕೊಟ್ಟಿತ್ತು. ಎಥನಾಲ್ ಬಂತು, ಕಡಿಮೆ ದರ ಬರಲಿಲ್ಲ. ಫಲಕದ ಮೇಲಿನ ಅಂಕಿ ಅಲುಗಾಡದೆ ಲೀಟರಿಗೆ ಸುಮಾರು ಏಳು ರೂಪಾಯಿ ಏರಿದಂತೆ. 2023ರ ಏಪ್ರಿಲಿಗಿಂತ ಹಿಂದಿನ ಕಾರಿರುವವನಿಗೆ ರಬ್ಬರ್ ಕೊಳವೆಗಳ ಚಿಂತೆ ಬೇರೆ. ಎಥನಾಲ್ ಇಲ್ಲದ್ದೇ ಬೇಕೆಂದರೆ 100 ಆಕ್ಟೇನಿನದನ್ನು ಲೀಟರಿಗೆ 160 ರೂಪಾಯಿಯ ಆಸುಪಾಸು ಕೊಟ್ಟು ಕೊಳ್ಳಬೇಕು, ಅದೂ ಕೆಲವು ನಗರಗಳ ಕೆಲವು ಬಂಕುಗಳಲ್ಲಿ.

ಬ್ರೆಜಿಲ್ ಈ ದಾರಿಯಲ್ಲಿ ನಮಗಿಂತ ಐವತ್ತು ವರ್ಷ ಮುಂಚೆ ನಡೆದು ಬಿದ್ದೆದ್ದಿದೆ. 1975ರಲ್ಲಿ ಎಥನಾಲ್ ಯೋಜನೆ ತೊಡಗಿ, ಎಂಬತ್ತರ ದಶಕದ ನಡುವೆ ಹೊಸ ಕಾರುಗಳಲ್ಲಿ ಹೆಚ್ಚಿನವು ಎಥನಾಲಿನಲ್ಲೇ ಓಡುತ್ತಿದ್ದವು. ದಶಕದ ಕೊನೆಗೆ ಸಕ್ಕರೆಗೆ ಬೆಲೆ ಬಂತು, ಕಬ್ಬು ಆ ಕಡೆ ಹೋಯಿತು, ಬಂಕುಗಳು ಒಣಗಿದವು. ಜನ ನಂಬಿಕೆ ಕಳೆದುಕೊಂಡರು. ಮತ್ತೆ ಎಥನಾಲ್ ಕಡೆ ಬಂದದ್ದು 2003ರಲ್ಲಿ, ಯಾವ ಮಿಶ್ರಣಕ್ಕೂ ಹೊಂದಿಕೊಳ್ಳುವ ಎಂಜಿನ್ನಿನ ಕಾರು ಸಿಕ್ಕ ಮೇಲೆ. ಇವತ್ತು ಅಲ್ಲಿನ ಬಂಕಿನಲ್ಲಿ ಎರಡು ಕೊಳವೆ, ಎರಡು ದರ. ಚಾಲಕರಿಗೆಲ್ಲ ಬಾಯಿಪಾಠವಾದ ಲೆಕ್ಕವೊಂದಿದೆ: ಎಥನಾಲಿನ ದರ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆಯಿದ್ದರೆ ಎಥನಾಲ್, ಇಲ್ಲದಿದ್ದರೆ ಪೆಟ್ರೋಲ್. ದರ ದುಬಾರಿಯೋ ಅಗ್ಗವೋ ಅದು ಆಮೇಲಿನ ಮಾತು. ಏನನ್ನು ಕೊಳ್ಳುತ್ತಿದ್ದೇನೆ ಎಂಬುದು ಅಲ್ಲಿನ ಚಾಲಕನಿಗೆ ಗೊತ್ತು, ಎರಡರಲ್ಲೊಂದನ್ನು ಆರಿಸುವ ಹಕ್ಕೂ ಇದೆ. ಕಾರುಪ್ರಿಯರು ಬೀದಿಗಿಳಿದು ಕೂಗಬೇಕೆಂದಿದ್ದರೆ ಇದಕ್ಕೆ ಕೂಗಬೇಕು. 'ದರ ಇಳಿಸಿ' ಎನ್ನುವುದಕ್ಕಲ್ಲ. ಇಳಿಸಿದರೆ ಏನಾಗುತ್ತದೆಂದು ಕರಾಕಸ್ ತೋರಿಸಿದೆ.

ಅಮೆರಿಕದವನು ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸುತ್ತಾನೆ. ನಾವು ದುಡ್ಡಿನ ಲೆಕ್ಕದಲ್ಲಿ ಕೇಳುತ್ತೇವೆ: ಇನ್ನೂರಕ್ಕೆ, ಐನೂರಕ್ಕೆ. ಅದರಲ್ಲೂ ಸರಿಸಂಖ್ಯೆ ಹೇಳಿದರೆ ಮಷೀನಿನಲ್ಲಿ ಮೊದಲೇ ಕೈಚಳಕ ಮಾಡಿಟ್ಟಿರುತ್ತಾರೆಂಬ ಗುಮಾನಿಯಿಂದ ಈಚೆಗೆ ಇನ್ನೂರ ಹತ್ತು, ಐನೂರ ಇಪ್ಪತ್ತು ಎನ್ನುವ ರೂಢಿ ಬಂದಿದೆ. ಹೋದ ಭಾನುವಾರ ಬೆಳಗಿನ ಐದಕ್ಕೆ ತುಮಕೂರು ರಸ್ತೆಯ ಬಂಕೊಂದರಲ್ಲಿ ನಿಲ್ಲಿಸಿದೆ. ಹುಡುಗ ನಿದ್ದೆಗಣ್ಣಲ್ಲಿ ಬಂದ. "ಎಷ್ಟಕ್ಕೆ ಸಾರ್?"

"ಎರಡು ಸಾವಿರದ ಹತ್ತಕ್ಕೆ ಹಾಕಪ್ಪ."

"ಝೀರೋ ನೋಡ್ಕೊಳಿ ಸಾರ್."

ನೋಡಿದೆ. ಸೊನ್ನೆ ಸರಿಯಾಗಿಯೇ ಇತ್ತು. ಅದರ ಕೆಳಗೆ ದರ, ಲೀಟರ್, ಸಾಂದ್ರತೆ ಎಂದು ಮೂರು ಸಾಲು. ಎಥನಾಲ್ ಎಷ್ಟಿದೆ ಅಂತ ಕೇಳಿದೆ. ಅವನು ಮಷೀನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅದೆಲ್ಲ ಬರಲ್ಲ ಸಾರ್ ಇದ್ರಲ್ಲಿ" ಎಂದು ಕೊಳವೆ ಎತ್ತಿಕೊಂಡ.